ಕಥೆ ನೆನಪಿದೆ, ಕಾನೂನು ಕೈಗೆ ಸಿಗುತ್ತಿಲ್ಲ

ಪ್ರಶ್ನೆ: ನಾನು ದಾವಣಗೆರೆಯಲ್ಲಿ ಕಾನೂನು ಓದಿ, ಅಲ್ಲಿಯ ಜಿಲ್ಲಾ ನ್ಯಾಯಾಲಯದಲ್ಲಿ ಸೀನಿಯರ್ ಒಬ್ಬರ ಕೈಕೆಳಗೆ ನಾಲ್ಕು ವರ್ಷ ವಕೀಲಿ ಮಾಡಿದವಳು. ಮದುವೆಯಾಗಿ ಇಂಗ್ಲೆಂಡಿನ ರೆಡಿಂಗ್‌ಗೆ ಬಂದೆ. ಮಗಳು ಶಾಲೆಗೆ ಹೋಗಲು ಶುರು ಮಾಡಿದ ಮೇಲೆ ಇಲ್ಲಿಯ ಒಂದು ವಿಶ್ವವಿದ್ಯಾಲಯದಲ್ಲಿ ಕಾನೂನು ಡಿಪ್ಲೊಮಾಗೆ ಸೇರಿದ್ದೇನೆ. ಕರಾರು, ಟಾರ್ಟ್, ಕ್ರಿಮಿನಲ್, ಸಂವಿಧಾನ ಮತ್ತು ಆಡಳಿತ, ಜಮೀನು, ಟ್ರಸ್ಟ್, ಯುರೋಪಿಯನ್ ಒಕ್ಕೂಟದ ಕಾನೂನು, ಇಷ್ಟೂ ಒಟ್ಟಿಗೆ. ಪ್ರತಿ ವಾರ ಕೇಸುಗಳ ಉದ್ದನೆಯ ಪಟ್ಟಿ ಕೊಡುತ್ತಾರೆ. ಒಂದೊಂದಕ್ಕೂ ಒಂದು ಕಾರ್ಡ್ ಬರೆದು ಅಡುಗೆಮನೆಯ ಕಪಾಟಿನ ಮೇಲೆಲ್ಲ ಅಂಟಿಸಿದ್ದೇನೆ. ಕಥೆಗಳು ಚೆನ್ನಾಗಿ ನೆನಪಿವೆ, ಹೆಸರುಗಳು ಕಲಸಿಹೋಗುತ್ತವೆ. ಅಣಕು ಪರೀಕ್ಷೆಯಲ್ಲಿ ನನ್ನ ಉತ್ತರಕ್ಕೆ 'ಬರೀ ವರ್ಣನೆ, ಅನ್ವಯವಿಲ್ಲ' ಎಂದು ಬರೆದು ಕಡಿಮೆ ಅಂಕ ಕೊಟ್ಟರು. ಇನ್ನೊಂದರಲ್ಲಿ ಸಾಲದ ವಿಷಯಕ್ಕೆ ನಮ್ಮ ಕರಾರು ಕಾಯಿದೆ ನೆನಪಿಟ್ಟುಕೊಂಡು ಬರೆದುಬಿಟ್ಟೆ. ಅದಕ್ಕೆ ಕೆಂಪು ಗೆರೆ. ಜತೆಯವರೆಲ್ಲ ಇಪ್ಪತ್ತೆರಡು ಇಪ್ಪತ್ಮೂರರ ಹುಡುಗರು. 'ಪ್ರಾಕ್ಟೀಸಿನಲ್ಲಿ ಇದನ್ನೆಲ್ಲ ಯಾರು ಕೇಳ್ತಾರೆ, ಬಿಡು' ಎನ್ನುತ್ತಾರೆ ನಮ್ಮ ಮನೆಯವರು. ಒಟ್ಟು ಎಷ್ಟು ಕೇಸು ಕಲಿತರೆ ಸಾಕು? ಮೇ ತಿಂಗಳಲ್ಲಿ ಪರೀಕ್ಷೆ. ಮುಂದಿನ ತಿಂಗಳು ಒಂದು ಅಣಕು ನ್ಯಾಯಾಲಯವೂ ಇದೆ. ಅಲ್ಲಿ ಕೇಸಿನ ಹೆಸರು ಹೇಳುವಾಗ ಏನೋ ತಪ್ಪು ಮಾಡುತ್ತೇನೆ ಎಂದು ಹುಡುಗರು ನಗುತ್ತಾರೆ. ದಾರಿ ತೋರಿಸಿ.
— ಹೆಸರು ಬೇಡ, ರೆಡಿಂಗ್

ಉತ್ತರ: ನಿಮ್ಮ ಪತ್ರದಲ್ಲಿ ನೀವೇ ಒಂದೇ ಸಾಲಿನಲ್ಲಿ ಹೇಳಿ ಮುಂದಕ್ಕೆ ಹೋದ ಮಾತೊಂದಿದೆ: ನಾಲ್ಕು ವರ್ಷದ ವಕೀಲಿ. ನನ್ನ ಉತ್ತರವೆಲ್ಲ ಅಲ್ಲಿಂದಲೇ ಶುರುವಾಗುತ್ತದೆ.

ದಾವಣಗೆರೆಯ ಕೋರ್ಟಿನಲ್ಲಿ ನಿಮ್ಮ ಸೀನಿಯರ್ ಒಂದು ಸೈಟೇಶನ್ ಮುಂದಿಟ್ಟಾಗ ಏನು ಮಾಡುತ್ತಿದ್ದರು? ಆ ಹಳೆಯ ಕೇಸಿನಲ್ಲಿ ಯಾರ ಹೊಲ, ಯಾವ ಊರು, ಯಾವ ಅಣ್ಣತಮ್ಮಂದಿರು ಎಂದು ನ್ಯಾಯಾಧೀಶರಿಗೆ ಹರಿಕಥೆ ಹೇಳುತ್ತಿದ್ದರೇ? ಇಲ್ಲ. 'ಈ ಪ್ಯಾರಾದಲ್ಲಿ ಇಂಥ ಪ್ರಶ್ನೆಗೆ ಇಂಥ ಉತ್ತರ ಕೊಟ್ಟಿದ್ದಾರೆ, ನಮ್ಮ ಕಕ್ಷಿದಾರನದೂ ಅದೇ ಸ್ಥಿತಿ' ಎಂದು ಎರಡು ಮಾತಿನಲ್ಲಿ ಮುಗಿಸುತ್ತಿದ್ದರು. ತಕ್ಷಣ ಎದುರು ವಕೀಲರು ಎದ್ದು, 'ಸ್ವಾಮಿ, ಆ ಕೇಸಿನ ಸಂಗತಿಗಳೇ ಬೇರೆ, ಇಲ್ಲಿಗೆ ಹೊಂದುವುದಿಲ್ಲ' ಎನ್ನುತ್ತಿದ್ದರು. ಆಮೇಲೆ ಇನ್ನೊಬ್ಬರು, 'ಆ ತೀರ್ಪನ್ನು ಮುಂದೆ ದೊಡ್ಡ ಪೀಠ ಒಪ್ಪಲಿಲ್ಲ' ಎಂದು ಮತ್ತೊಂದು ಹಾಳೆ ಕೊಡುತ್ತಿದ್ದರು. ನಿಮ್ಮ ಪರೀಕ್ಷಕರು 'ಅನ್ವಯ' ಎಂದು ಕೇಳುತ್ತಿರುವುದು ಈ ಮೂರು ಕೆಲಸವನ್ನೇ. ನೀವು ಅದನ್ನು ಕಣ್ಣಾರೆ ಕಂಡವರು, ಕೈಯಾರೆ ಮಾಡಿದವರು. ಡಿಪ್ಲೊಮಾದ ಬೆಂಚಿನಲ್ಲಿ ಕೂತ ಕೂಡಲೇ ವಕೀಲೆಯನ್ನು ಹೊರಗೆ ನಿಲ್ಲಿಸಿ ವಿದ್ಯಾರ್ಥಿನಿ ಆಗಿಬಿಟ್ಟಿದ್ದೀರಿ. ಆಕೆಯನ್ನು ಒಳಗೆ ಕರೆಯಿರಿ.

ಇಂಗ್ಲಿಷ್ ಕೇಸುಗಳನ್ನು ಬಿಡಿ ಬಿಡಿ ಕಾರ್ಡಾಗಿ ಕಲಿಯುವುದರಲ್ಲಿರುವ ತೊಂದರೆ ಇದು: ಒಂದು ಕೇಸಿಗೆ ತನ್ನಷ್ಟಕ್ಕೇ ಅರ್ಥವಿರುವುದಿಲ್ಲ. ಅದು ಒಂದು ಹಳೆಯ ವಾಗ್ವಾದದಲ್ಲಿ ಯಾರೋ ಆಡಿದ ಒಂದು ಮಾತು. ಹಿಂದಿನವರು ಏನು ಹೇಳಿದ್ದರು, ಮುಂದಿನವರು ಅದಕ್ಕೆ ಏನೆಂದರು ಎಂಬುದು ಗೊತ್ತಾದರೆ ಮಾತು ತಾನಾಗಿ ನೆನಪಿನಲ್ಲಿ ಉಳಿಯುತ್ತದೆ, ಹೆಸರೂ ಅದರ ಹಿಂದೆಯೇ ಬರುತ್ತದೆ. ಹಾಗಾಗಿ ಕೇಸುಗಳನ್ನು ಸಾಲಾಗಿ ಕಲಿಯಿರಿ. ಟಾರ್ಟ್‌ನ ಒಂದು ಸಾಲನ್ನು ಹಿಡಿದು ತೋರಿಸುತ್ತೇನೆ.

ಡೊನೊಹ್ಯೂ ಮತ್ತು ಸ್ಟೀವನ್‌ಸನ್ ನಿಮಗೆ ಕಾಲೇಜಿನಿಂದಲೇ ಗೊತ್ತು. 1928ರ ಆಗಸ್ಟ್‌ನಲ್ಲಿ ಸ್ಕಾಟ್ಲೆಂಡಿನ ಪೇಯ್ಸ್ಲಿ ಊರಿನ ಒಂದು ಕೆಫೆ, ಗೆಳತಿ ಕೊಡಿಸಿದ ಜಿಂಜರ್ ಬಿಯರ್, ಬಣ್ಣದ ಬಾಟಲಿಯೊಳಗೆ ಬಸವನಹುಳು. ಅಲ್ಲಿಗೆ ನಿಮ್ಮ ಕಾರ್ಡ್ ಭರ್ತಿಯಾಗಿರುತ್ತದೆ. ಆದರೆ ಅಂದಿನ ಪ್ರಶ್ನೆ ಹುಳುವಿನದಲ್ಲ. (ಬಾಟಲಿಯಲ್ಲಿ ನಿಜವಾಗಿ ಹುಳು ಇತ್ತೇ ಎಂಬುದು ಕೊನೆಗೂ ವಿಚಾರಣೆಗೆ ಬರಲೇ ಇಲ್ಲ. 'ಇತ್ತು ಎಂದುಕೊಂಡರೆ ದಾವೆ ನಿಲ್ಲುತ್ತದೆಯೇ' ಎಂಬಷ್ಟೇ ಹೌಸ್ ಆಫ್ ಲಾರ್ಡ್ಸ್ ಮುಂದಿದ್ದ ವಿಷಯ.) ದುಡ್ಡು ಕೊಟ್ಟವಳು ಗೆಳತಿ. ಕುಡಿದವಳಿಗೂ ತಯಾರಕನಿಗೂ ಕರಾರೇ ಇಲ್ಲ. ಕರಾರಿಲ್ಲದವರ ಬಗ್ಗೆಯೂ ತಯಾರಕ ಎಚ್ಚರ ವಹಿಸಬೇಕೇ? 1932ರಲ್ಲಿ ಐವರಲ್ಲಿ ಮೂವರು ಹೌದೆಂದರು. ಲಾರ್ಡ್ ಆಟ್ಕಿನ್ ಅದಕ್ಕೊಂದು ಅಗಲವಾದ ತತ್ತ್ವ ಕೊಟ್ಟರು: ನಿನ್ನ ಕೆಲಸದಿಂದ ಯಾರಿಗೆ ಪೆಟ್ಟಾದೀತೆಂದು ನೀನು ಮೊದಲೇ ಊಹಿಸಬಲ್ಲೆಯೋ ಅವರ ಬಗ್ಗೆ ಎಚ್ಚರವಿರಲಿ ಎಂಬುದು ಅದರ ಸಾರ. ಲಾರ್ಡ್ ಬಕ್‌ಮಾಸ್ಟರ್ ಒಪ್ಪಲಿಲ್ಲ. ಹೀಗೆ ಬಾಗಿಲು ತೆರೆದರೆ ಕೊನೆ ಎಲ್ಲಿ ಎಂಬುದು ಅವರ ಆತಂಕ. ಈ ಭಿನ್ನ ತೀರ್ಪನ್ನು ದಯವಿಟ್ಟು ಓದಿ. ಮುಂದಿನ ತೊಂಬತ್ತು ವರ್ಷದ ಟಾರ್ಟ್ ಕಾನೂನು ಆಟ್ಕಿನ್ ಮತ್ತು ಬಕ್‌ಮಾಸ್ಟರ್ ನಡುವಿನ ಎಳೆದಾಟವೇ.

1963ರ ಹೆಡ್ಲಿ ಬರ್ನ್‌ನಲ್ಲಿ ಪ್ರಶ್ನೆ ಒಂದು ಹೆಜ್ಜೆ ಮುಂದಕ್ಕೆ ಹೋಯಿತು. ಹಾಳು ಪಾನೀಯಕ್ಕೆ ಹೊಣೆ ಸರಿ, ಹಾಳು ಸಲಹೆಗೆ? ಬ್ಯಾಂಕೊಂದು ತನ್ನ ಗ್ರಾಹಕ ನಂಬಿಕಸ್ಥ ಎಂದು ಬರೆದುಕೊಟ್ಟಿತು, ನಂಬಿದ ಜಾಹೀರಾತು ಸಂಸ್ಥೆ ಹಣ ಕಳೆದುಕೊಂಡಿತು. ಹೊಣೆ ಸಾಧ್ಯ ಎಂದಿತು ನ್ಯಾಯಾಲಯ. ಆದರೆ 'ಇದಕ್ಕೆ ನಾವು ಜವಾಬ್ದಾರರಲ್ಲ' ಎಂದು ಮೊದಲೇ ಬರೆದಿದ್ದರಿಂದ ಬ್ಯಾಂಕು ಉಳಿದುಕೊಂಡಿತು. 1977ರ ಆ್ಯನ್ಸ್ ಪ್ರಕರಣಕ್ಕೆ ಬರುವ ಹೊತ್ತಿಗೆ ಆಟ್ಕಿನ್ ಪಕ್ಷ ಪೂರ್ತಿ ಗೆದ್ದಂತಿತ್ತು: ಹಾನಿ ಊಹಿಸಬಹುದಾಗಿದ್ದರೆ ಹೊಣೆ ಇದ್ದೇ ಇದೆ, ಬೇಡವೆನ್ನುವವರು ಕಾರಣ ಕೊಡಲಿ ಎಂಬಲ್ಲಿಗೆ ಬಂತು. ಅಷ್ಟು ಅಗಲ ನ್ಯಾಯಾಧೀಶರಿಗೇ ಭಯ ಹುಟ್ಟಿಸಿತು. 1990ರ ಒಂದೇ ವರ್ಷದಲ್ಲಿ ಕೆಪಾರೊ ಪ್ರಕರಣ ಆ ದಾರಿಯಿಂದ ಹಿಂದೆ ಸರಿಯಿತು, ಮರ್ಫಿ ಪ್ರಕರಣದಲ್ಲಿ ಏಳು ಲಾರ್ಡ್‌ಗಳು ಕೂತು ಆ್ಯನ್ಸ್ ತೀರ್ಪನ್ನೇ ತಳ್ಳಿಹಾಕಿದರು. ಮುಂದೆ ಕಾಲು ಶತಮಾನಕ್ಕೂ ಹೆಚ್ಚು ಕಾಲ ವಿದ್ಯಾರ್ಥಿಗಳು 'ಕೆಪಾರೊದ ಮೂರು ಪರೀಕ್ಷೆ' ಎಂದು ಎಲ್ಲದಕ್ಕೂ ಬರೆದರು: ಊಹಿಸಬಹುದಾದ ಹಾನಿ, ಸಾಮೀಪ್ಯ, ಹೊಣೆ ಹೊರಿಸುವುದು ನ್ಯಾಯವೇ ಎಂಬುದು.

2018ರಲ್ಲಿ ರಾಬಿನ್‌ಸನ್ ಪ್ರಕರಣ ಬಂತು. ಹಡರ್ಸ್‌ಫೀಲ್ಡ್‌ನ ಜನನಿಬಿಡ ರಸ್ತೆಯಲ್ಲಿ ಪೊಲೀಸರು ಮಾದಕವಸ್ತು ಮಾರುವವನನ್ನು ಹಿಡಿಯಲು ಹೋಗಿ, ಹಾದಿಯಲ್ಲಿದ್ದ ವೃದ್ಧೆಯ ಮೇಲೆ ಎಲ್ಲರೂ ಬಿದ್ದರು. ಕೆಪಾರೊ ಅಂಥ ಮೂರು ಪರೀಕ್ಷೆಯ ಸೂತ್ರವನ್ನು ಕೊಟ್ಟೇ ಇಲ್ಲ, ಓದಿದವರು ತಪ್ಪಾಗಿ ಓದಿದ್ದಾರೆ ಎಂದರು ಲಾರ್ಡ್ ರೀಡ್. ಹೊಣೆ ಈಗಾಗಲೇ ಸ್ಥಾಪಿತವಾಗಿರುವ ಸಂದರ್ಭಗಳಲ್ಲಿ ಅದನ್ನೇ ಅನುಸರಿಸಿ, ನಿಜಕ್ಕೂ ಹೊಸದಾದ ಸಂದರ್ಭ ಬಂದಾಗ ಹಳೆಯದಕ್ಕೆ ಹೋಲಿಸಿ ಒಂದೊಂದೇ ಹೆಜ್ಜೆ ಇಡಿ ಎಂಬುದು ಅವರ ಮಾತು. ಪೊಲೀಸರು ತಾವೇ ಮಾಡಿದ ಕೆಲಸದಿಂದ ದಾರಿಹೋಕಳಿಗೆ ಪೆಟ್ಟು ಬಿದ್ದಿದೆ, ಇದರಲ್ಲಿ ಹೊಸದೇನಿದೆ? ಆಕೆ ಗೆದ್ದರು.

ಆರು ಕೇಸು ಆಯಿತು. ನಿಮಗೆ ಇದರಲ್ಲಿ ಯಾವುದನ್ನಾದರೂ ಬಾಯಿಪಾಠ ಮಾಡಬೇಕೆನಿಸಿತೇ? ಒಂದು ಬೇಕೆಂದರೆ ಹಿಂದಿನದು, ಮುಂದಿನದು ತಾವಾಗಿ ಬರುತ್ತವೆ. ಅದಕ್ಕಿಂತ ಹೆಚ್ಚಿನ ಲಾಭ ಬೇರೊಂದಿದೆ. ಪರೀಕ್ಷೆಯಲ್ಲಿ ರಸ್ತೆ ಅಪಘಾತದ ಪ್ರಶ್ನೆಗೆ ಕೆಪಾರೊ ಸೂತ್ರ ಬರೆದು ಪುಟ ತುಂಬಿಸುವವರಿಗೆ ಅಂಕ ಏಕೆ ಬರುವುದಿಲ್ಲ ಎಂಬುದು ಈ ಸಾಲನ್ನು ಬಲ್ಲವರಿಗೆ ಹೇಳಬೇಕಾಗಿಲ್ಲ.

ಇನ್ನು ನಿಮ್ಮ ಕೆಂಪು ಗೆರೆಯ ವಿಷಯ. ಇದು ನಿಮ್ಮ ಜತೆಯ ಹುಡುಗರಿಗೆ ಇಲ್ಲದ, ನಮ್ಮ ಕಡೆ ಓದಿದವರಿಗೆ ಮಾತ್ರ ಇರುವ ತೊಡಕು. ನಾವು ಕರ್ನಾಟಕದಲ್ಲಿ ಕರಾರು ಮತ್ತು ಟಾರ್ಟ್ ಕಲಿಯುವಾಗ ಅರ್ಧಕ್ಕರ್ಧ ಇಂಗ್ಲಿಷ್ ಕೇಸುಗಳನ್ನೇ ಕಲಿಯುತ್ತೇವೆ. ಹಾಗಾಗಿ ಎರಡೂ ಕಡೆ ಕಾನೂನು ಒಂದೇ ಎಂಬ ಭ್ರಮೆ ಬೆಳೆದಿರುತ್ತದೆ. ಬೇರೆಯಾಗುವ ಜಾಗಗಳಲ್ಲಿ ಜಾರಿ ಬೀಳುತ್ತೇವೆ. ನೀವು ಜಾರಿದ್ದು ಎಲ್ಲಿ ಎಂದು ನೀವು ಪೂರ್ತಿ ಬರೆದಿಲ್ಲ, ಆದರೂ ಸಾಲದ ವಿಷಯ ಎಂದಿದ್ದರಿಂದ ಊಹಿಸಬಲ್ಲೆ: 63ನೇ ಸೆಕ್ಷನ್.

ನಮ್ಮ 1872ರ ಕಾಯಿದೆಯಲ್ಲಿ ಆ ಸೆಕ್ಷನ್ನಿನ ಕೆಳಗೇ ಒಂದು ದೃಷ್ಟಾಂತವಿದೆ. ಐದು ಸಾವಿರ ರೂಪಾಯಿ ಸಾಲ, ಎರಡು ಸಾವಿರ ಕೊಟ್ಟ, ಸಾಲಿಗ ಅಷ್ಟಕ್ಕೇ ಒಪ್ಪಿ ತೆಗೆದುಕೊಂಡ, ಸಾಲ ತೀರಿತು. ಹಳ್ಳಿಯ ಪಂಚಾಯಿತಿ ಕಟ್ಟೆಯ ಮೇಲೂ ಇದೇ ನ್ಯಾಯ. ಇಂಗ್ಲೆಂಡಿನಲ್ಲಿ ಹಾಗಲ್ಲ. 1602ರ ಪಿನ್ನೆಲ್ ಪ್ರಕರಣದಿಂದ ಬಂದ ನಿಯಮ, ಕಡಿಮೆ ಹಣ ಹೆಚ್ಚಿನ ಹಣಕ್ಕೆ ಸಮನಾಗದು, ಉಳಿದದ್ದನ್ನು ಬಿಡುತ್ತೇನೆ ಎಂಬ ಮಾತಿಗೆ ಪ್ರತಿಫಲವಿಲ್ಲ ಎಂಬುದು. 1884ರಲ್ಲಿ ಫೋಕ್ಸ್ ಮತ್ತು ಬಿಯರ್ ಪ್ರಕರಣದಲ್ಲಿ ಹೌಸ್ ಆಫ್ ಲಾರ್ಡ್ಸ್ ಅದನ್ನೇ ಗಟ್ಟಿ ಮಾಡಿತು. ಡಾಕ್ಟರ್ ಫೋಕ್ಸ್ ಎರಡು ಸಾವಿರ ಪೌಂಡಿಗೂ ಹೆಚ್ಚಿನ ಬಾಕಿಯನ್ನು ಕಂತಿನಲ್ಲಿ ತೀರಿಸಿದರು. ಕಂತು ಕಟ್ಟಿದರೆ ಇನ್ನು ಯಾವ ಕ್ರಮವೂ ಇಲ್ಲ ಎಂದು ಬರೆದುಕೊಟ್ಟಿದ್ದ ಬಿಯರ್ ಅಮ್ಮ, ಎಲ್ಲ ಮುಗಿದ ಮೇಲೆ ಬಡ್ಡಿ ಕೇಳಿದರು. ಬಡ್ಡಿ ಸಿಕ್ಕಿತು! ಇದನ್ನು ಅನ್ಯಾಯ ಎಂದು ನೀವು ಬೈದುಕೊಂಡರೂ ಸರಿ, ಪರೀಕ್ಷೆಯಲ್ಲಿ ಬರೆಯಬೇಕಾದದ್ದು ಇದನ್ನೇ. ಅದರ ಬೆನ್ನಿಗೆ 1947ರ ಹೈ ಟ್ರೀಸ್: ಯುದ್ಧದ ಕಾಲದಲ್ಲಿ ಲಂಡನ್ನಿನ ಫ್ಲಾಟುಗಳು ಖಾಲಿ ಬಿದ್ದು ಬಾಡಿಗೆಯನ್ನು ಅರ್ಧಕ್ಕೆ ಇಳಿಸಿದವರು ಆಮೇಲೆ ಆ ವರ್ಷಗಳ ಪೂರ್ತಿ ಬಾಡಿಗೆ ಕೇಳುವಂತಿಲ್ಲ ಎಂದು ಡೆನ್ನಿಂಗ್ ಹೇಳಿದ್ದು. ಫೋಕ್ಸ್‌ನ ಕಠೋರತೆಯನ್ನು ಈಕ್ವಿಟಿಯ ದಾರಿಯಲ್ಲಿ ಮೆತ್ತಗೆ ಮಾಡಿದ ಕೇಸು ಅದು.

ಇಂಥ ಜಾಗಗಳು ಇನ್ನೂ ಕೆಲವಿವೆ. ಪ್ರತಿಫಲವನ್ನು ಬೇರೆ ಯಾರಾದರೂ ಕೊಟ್ಟರೂ ನಮ್ಮಲ್ಲಿ ನಡೆಯುತ್ತದೆ. ಅಲ್ಲಿ 1861ರ ಟ್ವೆಡಲ್ ಪ್ರಕರಣದಿಂದ ಈಚೆಗೆ ನಡೆಯುವುದಿಲ್ಲ, ಮೂರನೆಯವರಿಗೆ ಹಕ್ಕು ಕೊಡಲು 1999ರಲ್ಲಿ ಕಾಯಿದೆಯನ್ನೇ ತರಬೇಕಾಯಿತು. ಅಪ್ರಾಪ್ತರ ಕರಾರು ಮೊದಲಿನಿಂದಲೇ ಶೂನ್ಯ ಎಂದು 1903ರಲ್ಲಿ ಪ್ರಿವಿ ಕೌನ್ಸಿಲ್ ಮೊಹರಿ ಬೀಬಿ ಪ್ರಕರಣದಲ್ಲಿ ಹೇಳಿದ್ದು ನಮ್ಮ ಕಾಯಿದೆಯ ಬಗ್ಗೆ. ಅದೇ ಲಂಡನ್ನಿನಲ್ಲಿ ಕೂತು ಹೇಳಿದರೂ ಇಂಗ್ಲೆಂಡಿಗೆ ಅದು ಅನ್ವಯಿಸುವುದಿಲ್ಲ. ಅಲ್ಲಿ 1908ರ ನ್ಯಾಶ್ ಮತ್ತು ಇನ್‌ಮನ್ ಓದಿ: ಕೇಂಬ್ರಿಜ್‌ನ ಹುಡುಗನೊಬ್ಬ ದರ್ಜಿಯಿಂದ ಹನ್ನೊಂದು ಶೋಕಿ ವೇಸ್ಟ್‌ಕೋಟು ಹೊಲಿಸಿಕೊಂಡ ಕಥೆ. ಅಗತ್ಯ ವಸ್ತುವಾಗಿದ್ದರೆ ಅಪ್ರಾಪ್ತನೂ ಸೂಕ್ತ ಬೆಲೆ ಕೊಡಬೇಕು. ಬೇಕಾದಷ್ಟು ಬಟ್ಟೆ ಆಗಲೇ ಇದ್ದವನಿಗೆ ಅವು ಅಗತ್ಯವಲ್ಲ ಎಂದಾಯಿತು, ದರ್ಜಿ ಸೋತ.

ಟಾರ್ಟ್‌ನಲ್ಲಿ, ತಪ್ಪಿಲ್ಲದಿದ್ದರೂ ಹಾನಿಗೆ ಹೊಣೆ ಹೊರಿಸುವ 1868ರ ರೈಲಂಡ್ಸ್ ಮತ್ತು ಫ್ಲೆಚರ್ ಇನ್ನೂ ದೊಡ್ಡ ಕವಲು. ದೆಹಲಿಯ ಶ್ರೀರಾಮ್ ಕಾರ್ಖಾನೆಯ ಓಲಿಯಂ ಅನಿಲ ಸೋರಿಕೆಯ ನಂತರ ನಮ್ಮ ಸುಪ್ರೀಂ ಕೋರ್ಟ್ ಎಂ.ಸಿ. ಮೆಹ್ತಾ ಪ್ರಕರಣದಲ್ಲಿ ರೈಲಂಡ್ಸ್ ಸಾಲದು ಎಂದು ಸಂಪೂರ್ಣ ಹೊಣೆಯ ತತ್ತ್ವಕ್ಕೆ ಹೋಯಿತು. ವಿನಾಯಿತಿಗಳೆಲ್ಲ ರದ್ದಾದವು. ಇಂಗ್ಲೆಂಡ್ ಹಿಡಿದದ್ದು ಸರಿ ಎದುರು ದಿಕ್ಕು. ಕೇಂಬ್ರಿಜ್ ವಾಟರ್ ಪ್ರಕರಣದಲ್ಲಿ ಅಂಥ ಹಾನಿ ಊಹಿಸಬಹುದಾಗಿರಬೇಕು ಎಂದರು, 2003ರ ಟ್ರಾನ್ಸ್‌ಕೋದಲ್ಲಿ ನಿಯಮವನ್ನು ಇನ್ನೂ ಕಿರಿದು ಮಾಡಿದರು. ಒಂದೇ ತಾಯಿಬೇರಿನ ಈ ಎರಡು ಕೊಂಬೆಗಳಲ್ಲಿ ಪರೀಕ್ಷೆಗೆ ಬೇಕಾದದ್ದು ಒಂದೇ.

ನನ್ನ ಸಲಹೆ: ಒಂದು ಸಣ್ಣ ನೋಟ್‌ಬುಕ್ಕಿನಲ್ಲಿ ಈ ಕವಲುಗಳನ್ನು ಮಾತ್ರ ಬರೆದಿಡಿ. ಒಂದು ಪುಟಕ್ಕಿಂತ ಹೆಚ್ಚಾಗದು. ನಮ್ಮ ಕಾಯಿದೆಯನ್ನು ಮರೆಯಲು ಹೋಗಬೇಡಿ, ಮರೆಯುವುದು ಸಾಧ್ಯವೂ ಇಲ್ಲ. ಎರಡನ್ನೂ ಎದುರುಬದುರು ಇಟ್ಟವರಿಗೆ ಇಂಗ್ಲಿಷ್ ನಿಯಮ ಎಷ್ಟು ವಿಚಿತ್ರವೆಂದು ಎದ್ದು ಕಾಣುತ್ತದೆ. ವಿಚಿತ್ರವೆಂದು ಕಂಡದ್ದು ಮರೆಯುವುದಿಲ್ಲ. ಇಪ್ಪತ್ತೆರಡರ ಹುಡುಗರಿಗೆ ಫೋಕ್ಸ್ ಸಹಜವಾಗಿ ಕಾಣಬಹುದು, ನಿಮಗೆ ಕಾಣುವುದಿಲ್ಲ. ವಿಮರ್ಶೆ ಬರೆಯಿರಿ ಎಂಬ ಪ್ರಬಂಧದ ಪ್ರಶ್ನೆಯಲ್ಲಿ ಆ ಅಸಮಾಧಾನವೇ ನಿಮ್ಮ ಬಂಡವಾಳ.

ಈಗ ಅನ್ವಯ. ಹೇಳಿದರೆ ಅರ್ಥವಾಗದು, ಮಾಡಿ ತೋರಿಸಬೇಕು. ಪ್ರಶ್ನೆ ಹೀಗಿರಲಿ: ಸ್ವಿಂಡನ್‌ನಲ್ಲಿ ಒಬ್ಬಾಕೆ ಬೇಕರಿ ತೆರೆಯುತ್ತಿದ್ದಾಳೆ. ಒಳಗಿನ ಮರಗೆಲಸಕ್ಕೆ ಬಡಗಿಯೊಬ್ಬನೊಡನೆ ಎಂಟು ಸಾವಿರ ಪೌಂಡಿಗೆ ಕರಾರಾಗಿದೆ. ಅರ್ಧ ಕೆಲಸವಾದಾಗ ಅವನು, 'ಇದಕ್ಕೆ ನನಗೆ ಗಿಟ್ಟುತ್ತಿಲ್ಲ, ಇನ್ನೆರಡು ಸಾವಿರ ಕೊಡದಿದ್ದರೆ ನಾಳೆಯಿಂದ ಬರುವುದಿಲ್ಲ' ಎಂದ. ಉದ್ಘಾಟನೆ ಹತ್ತಿರ, ಬೇರೆ ಬಡಗಿ ಸಿಗುವಂತಿಲ್ಲ. ಆಯಿತೆಂದಳು. ಕೆಲಸ ಮುಗಿದ ಮೇಲೆ ಕೊಡಲ್ಲ ಎನ್ನುತ್ತಾಳೆ. ಕೊಡಬೇಕೇ?

ವರ್ಣನೆಯ ಉತ್ತರ ಹೀಗೆ ಹೋಗುತ್ತದೆ: 1809ರ ಸ್ಟಿಲ್ಕ್ ಮತ್ತು ಮೈರಿಕ್ ಪ್ರಕರಣದಲ್ಲಿ ಬಾಲ್ಟಿಕ್ ಕಡೆ ಹೋಗಿದ್ದ ಹಡಗಿನಿಂದ ಇಬ್ಬರು ನಾವಿಕರು ಓಡಿಹೋದರು, ನಾಯಕ ಅವರ ಸಂಬಳವನ್ನು ಉಳಿದವರಿಗೆ ಹಂಚುತ್ತೇನೆಂದ, ಲಂಡನ್ನಿಗೆ ಬಂದ ಮೇಲೆ ಕೊಡಲಿಲ್ಲ, ನಾವಿಕರು ಸೋತರು. ವಿಲಿಯಮ್ಸ್ ಮತ್ತು ರೋಫಿ ಪ್ರಕರಣದಲ್ಲಿ ಇಪ್ಪತ್ತೇಳು ಫ್ಲಾಟು, ಬಡಗಿಗೆ ಇಪ್ಪತ್ತು ಸಾವಿರ ಪೌಂಡ್, ಆಮೇಲೆ ಹತ್ತು ಸಾವಿರದ ಮುನ್ನೂರು ಹೆಚ್ಚು, ಬಡಗಿ ಗೆದ್ದ. ಆದ್ದರಿಂದ ಇಲ್ಲಿಯೂ ಬಡಗಿ ಗೆಲ್ಲುತ್ತಾನೆ. ಎರಡು ಕಥೆ ಹೇಳಿ, ಎರಡನೆಯದರಲ್ಲೂ ಬಡಗಿ ಇದ್ದಾನೆಂದು ಇವನನ್ನು ಗೆಲ್ಲಿಸಿಬಿಟ್ಟಿರಿ. ಪರೀಕ್ಷಕರ ಕೆಂಪು ಪೆನ್ನು ಏಳುವುದೇ ಇಲ್ಲಿ.

ವಕೀಲೆ ಹೇಗೆ ಬರೆಯುತ್ತಾಳೆ? ಮೊದಲೇ ಮಾಡಬೇಕಿದ್ದ ಕೆಲಸಕ್ಕೆ ಹೆಚ್ಚಿನ ಹಣದ ಮಾತು ಕೊಟ್ಟರೆ ಪ್ರತಿಫಲವಿಲ್ಲ, ಇದು ಸ್ಟಿಲ್ಕ್. ಬೇಕರಿಯವಳು ಇದನ್ನು ಹಿಡಿಯುತ್ತಾಳೆ. ಆದರೆ ರೋಫಿ ಪ್ರಕಾರ, ಹೆಚ್ಚು ಕೊಡುವವರಿಗೆ ಅದರಿಂದ ವಾಸ್ತವ ಲಾಭವಿದ್ದರೆ, ಒತ್ತಡ ಅಥವಾ ಮೋಸ ಇಲ್ಲದಿದ್ದರೆ, ಅದೇ ಪ್ರತಿಫಲ. ಉದ್ಘಾಟನೆ ತಪ್ಪದಿರುವುದು ಆಕೆಗೆ ಲಾಭವೇ, ಇಲ್ಲಿಯವರೆಗೆ ಬಡಗಿಯ ಕೈ ಮೇಲು. ಈಗ ಎದುರು ವಕೀಲರು ಏಳಬೇಕು: ರೋಫಿಯಲ್ಲಿ ಬಡಗಿ ಹೆದರಿಸಿರಲಿಲ್ಲ, ಅವನ ಕಷ್ಟ ನೋಡಿ ದೊಡ್ಡ ಗುತ್ತಿಗೆದಾರರೇ ಮುಂದೆ ಬಂದು ಹೆಚ್ಚು ಕೊಡುತ್ತೇವೆಂದಿದ್ದರು. ಇಲ್ಲಿ ಅವನು 'ನಾಳೆಯಿಂದ ಬರುವುದಿಲ್ಲ' ಎಂದಿದ್ದಾನೆ, ಆಕೆಗೆ ಬೇರೆ ದಾರಿಯಿರಲಿಲ್ಲ. ಇದು ಅಟ್ಲಾಸ್ ಮತ್ತು ಕಾಫ್ಕೊ ಪ್ರಕರಣದ ಆರ್ಥಿಕ ಒತ್ತಡಕ್ಕೆ ಹತ್ತಿರ. ಆದ್ದರಿಂದ ಬೇಕರಿಯವಳು ಗೆಲ್ಲುವ ಸಾಧ್ಯತೆ ಹೆಚ್ಚು. ಅವೇ ಎರಡು ಕೇಸು, ಜತೆಗೆ ಇನ್ನೊಂದು, ಕಥೆ ಹೆಚ್ಚೆಂದರೆ ಅರ್ಧ ವಾಕ್ಯ, ಅದೂ ವ್ಯತ್ಯಾಸ ತೋರಿಸಲು ಬೇಕಾದಷ್ಟೇ. ಇಪ್ಪತ್ತೇಳು ಫ್ಲಾಟಿನ ಲೆಕ್ಕ ಇಲ್ಲಿ ಯಾರಿಗೆ ಬೇಕು?

ಇದೇ ಬೇಕರಿಯವಳು ಅಂಗಡಿಯ ಬಾಡಿಗೆ ಕಡಿಮೆ ಮಾಡಿಸಿಕೊಂಡಿದ್ದಾಳೆ ಎಂದು ಪ್ರಶ್ನೆಯ ಎರಡನೇ ಭಾಗ ಬಂದೇ ಬರುತ್ತದೆ, ನೋಡುತ್ತಿರಿ. ಅಲ್ಲಿ ರೋಫಿಯನ್ನು ಎಳೆದು ತರುವಂತಿಲ್ಲ, ಸೆಲೆಕ್ಟ್‌ಮೂವ್ ಪ್ರಕರಣದಲ್ಲಿ ಅಪೀಲು ನ್ಯಾಯಾಲಯ ಅದಕ್ಕೆ ಅಡ್ಡಗಟ್ಟೆ ಹಾಕಿದೆ. ಫೋಕ್ಸ್ ನಿಯಮ, ಹೈ ಟ್ರೀಸ್ ರಕ್ಷಣೆ. 2018ರ ರಾಕ್ ಅಡ್ವರ್ಟೈಸಿಂಗ್ ಪ್ರಕರಣದಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟಿಗೆ ಇದನ್ನೆಲ್ಲ ಇತ್ಯರ್ಥ ಮಾಡುವ ಅವಕಾಶ ಸಿಕ್ಕಿತ್ತು, ಬೇರೆ ಕಾರಣದ ಮೇಲೆ ತೀರ್ಪು ಕೊಟ್ಟು ಇದನ್ನು ಹಾಗೇ ಬಿಟ್ಟರು. ಆ ಒಂದು ಸಾಲನ್ನು ಸೇರಿಸಿದರೆ ನಿಮ್ಮ ಉತ್ತರ ಮೇಲಿನ ದರ್ಜೆಗೆ ಹೋಗುತ್ತದೆ.

ಉಳಿದ ವಿಷಯಗಳಿಗೂ ಇದೇ ಕಣ್ಣು ಬೇಕು. ಕ್ರಿಮಿನಲ್‌ನಲ್ಲಿ ವಿಶೇಷ ಎಚ್ಚರ, ಏಕೆಂದರೆ ಅಲ್ಲಿ ಹಳೆಯ ಕಾರ್ಡುಗಳು ಅಪಾಯಕಾರಿ. ಅಪ್ರಾಮಾಣಿಕತೆಗೆ 1982ರ ಘೋಷ್ ಪ್ರಕರಣದ ಎರಡು ಹಂತದ ಪರೀಕ್ಷೆ ಮೂರು ದಶಕ ಮೀರಿ ಆಳಿತು. 2017ರಲ್ಲಿ ಜೂಜುಗಾರ ಫಿಲ್ ಐವಿ ಲಂಡನ್ನಿನ ಕ್ಲಬ್ಬೊಂದರಲ್ಲಿ ಇಸ್ಪೀಟಿನ ಎಲೆಗಳ ಅಂಚು ಗುರುತಿಸಿ ಗೆದ್ದ 77 ಲಕ್ಷ ಪೌಂಡ್ ಕೇಳಿದ ದಾವೆಯಲ್ಲಿ ಸುಪ್ರೀಂ ಕೋರ್ಟ್ ಘೋಷ್‌ನ ಎರಡನೇ ಹಂತವನ್ನು ತೆಗೆದುಹಾಕಿತು. ಅದು ಸಿವಿಲ್ ದಾವೆ, ಆ ಮಾತು ಒಬಿಟರ್, ತೀರ್ಪಿಗೆ ಬೇಕಿರದ ಪಕ್ಕಮಾತು ಅಷ್ಟೇ ತಾನೆ ಎಂದು ಕೆಲವರು ತಕರಾರು ತೆಗೆದರು. 2020ರಲ್ಲಿ ಬಾರ್ಟನ್ ಪ್ರಕರಣದಲ್ಲಿ ಕ್ರಿಮಿನಲ್ ಅಪೀಲು ಪೀಠ ಐವಿಯನ್ನೇ ಹಿಡಿಯಬೇಕೆಂದು ಹೇಳಿತು. ಹಾಗೆಯೇ ಅಜಾಗರೂಕತೆಯ (ರೆಕ್‌ಲೆಸ್‌ನೆಸ್) ಕಾಲ್ಡ್‌ವೆಲ್ ಕಾರ್ಡನ್ನು ಹರಿದುಹಾಕಿ. ಅಂಗಡಿಯ ಹಿಂದೆ ಪತ್ರಿಕೆಗಳಿಗೆ ಬೆಂಕಿ ಇಟ್ಟ ಹನ್ನೊಂದು, ಹನ್ನೆರಡರ ಹುಡುಗರಿಬ್ಬರ 2003ರ ಪ್ರಕರಣ ಅದನ್ನು ರದ್ದು ಮಾಡಿದೆ. ಡಡ್ಲಿ ಮತ್ತು ಸ್ಟೀಫನ್ಸ್ ಬಗ್ಗೆ ಒಂದು ಮಾತು: ಹಡಗು ಮುಳುಗಿ, ದೋಣಿಯಲ್ಲಿ ಹಸಿದವರು ಕೆಲಸದ ಹುಡುಗನನ್ನು ಕೊಂದು ತಿಂದ 1884ರ ಆ ಘೋರ ಕಥೆ ಎಲ್ಲರಿಗೂ ನೆನಪಿರುತ್ತದೆ, ಎಲ್ಲರೂ ಅದಕ್ಕೆ ಒಂದು ಪುಟ ಕೊಡುತ್ತಾರೆ. ಅಗತ್ಯ ಎಂಬುದು ಕೊಲೆಗೆ ಸಮರ್ಥನೆಯಲ್ಲ, ಅದರ ಕಾನೂನು ಇಷ್ಟೇ. ರುಚಿಯಾದ ಕಥೆ ಎಲ್ಲೆಲ್ಲಿದೆಯೋ ಅಲ್ಲೆಲ್ಲ ನಿಮ್ಮ ಪೆನ್ನನ್ನು ಹಿಡಿದೆಳೆಯಿರಿ.

ಸಂವಿಧಾನದ ಕೇಸುಗಳು ನಿಮಗೆ ಇಷ್ಟವಾಗುತ್ತವೆ ಎಂದುಕೊಂಡಿದ್ದೇನೆ. ಲಿಖಿತ ಸಂವಿಧಾನವಿಲ್ಲದ ದೇಶದಲ್ಲಿ ಕೇಸುಗಳೇ ಅದರ ಬಹುಪಾಲು ಕೆಲಸ ಮಾಡುತ್ತವೆ. ರಾಜ ತನ್ನ ಘೋಷಣೆಯಿಂದಲೇ ಕಾನೂನು ಮಾಡುವಂತಿಲ್ಲ ಎಂಬ 1610ರ ಪ್ರಕರಣವನ್ನು, ಪಾರ್ಲಿಮೆಂಟನ್ನು ವಾರಗಟ್ಟಲೆ ಮುಂದೂಡಿದ್ದು ಅಕ್ರಮ ಎಂದು 2019ರ ಸೆಪ್ಟೆಂಬರ್‌ನಲ್ಲಿ ಹನ್ನೊಂದೂ ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳುವಾಗ ಮುಂದಿಟ್ಟುಕೊಂಡರು. ನಾಲ್ಕು ನೂರು ವರ್ಷದ ಸಾಲು. ನಡುವೆ 1765ರ ಎಂಟಿಕ್, 1947ರ ವೆಡ್ನೆಸ್‌ಬರಿ, 1984ರ ಜಿಸಿಎಚ್‌ಕ್ಯು ಕೂರುತ್ತವೆ. ಜಮೀನಿನಲ್ಲಿ 1985ರ ಸ್ಟ್ರೀಟ್ ಮತ್ತು ಮೌಂಟ್‌ಫರ್ಡ್ ಅನ್ನು ಗಟ್ಟಿ ಹಿಡಿಯಿರಿ. ವಾರಕ್ಕೆ 37 ಪೌಂಡಿನ ಎರಡು ಕೋಣೆ, ಕಾಗದದ ಮೇಲೆ 'ಪರವಾನಗಿ' ಎಂದು ಸಹಿ. ಒಳಗೆ ಕೂತವರಿಗೆ ಅನ್ಯರ ಪ್ರವೇಶವಿಲ್ಲದ ಸ್ವಾಧೀನವಿದ್ದರೆ ಕಾಗದ ಏನೇ ಅನ್ನಲಿ, ಅದು ಬಾಡಿಗೆದಾರಿಕೆಯೇ ಎಂದರು ಲಾರ್ಡ್ ಟೆಂಪಲ್‌ಮನ್. ಬೆಂಗಳೂರಿನಲ್ಲಿ ಹನ್ನೊಂದು ತಿಂಗಳ ಅಗ್ರಿಮೆಂಟ್ ಬರೆಸಿದವರಿಗೆ ಈ ಜಾಣತನ ಹೊಸದಲ್ಲ. ಟ್ರಸ್ಟ್‌ನಲ್ಲಿ ಮಿಲ್ರಾಯ್, ರೋಸ್, ಪೆನ್ನಿಂಗ್ಟನ್, ಈ ಮೂರನ್ನು ಒಂದೇ ಉಸಿರಿನಲ್ಲಿ ಕಲಿಯಿರಿ. ಅರ್ಧಕ್ಕೆ ನಿಂತ ದಾನವನ್ನು ನ್ಯಾಯಾಲಯ ಪೂರ್ತಿ ಮಾಡಿಕೊಡುತ್ತದೆಯೇ ಎಂಬ ಒಂದೇ ಪ್ರಶ್ನೆಗೆ 1862ರಲ್ಲಿ ಇಲ್ಲ, 1952ರಲ್ಲಿ ಕೆಲವೊಮ್ಮೆ, 2002ರಲ್ಲಿ ಇನ್ನೂ ಸ್ವಲ್ಪ ಹೆಚ್ಚು. ಯುರೋಪಿನ ಕಾನೂನಿಗೆ ನಿಮ್ಮ ಪಠ್ಯದಲ್ಲಿ ಈಗ ಎಷ್ಟು ಜಾಗವಿದೆ ನೋಡಿಕೊಂಡು ಅಷ್ಟಕ್ಕೇ ಸಮಯ ಕೊಡಿ.

ಎಷ್ಟು ಕೇಸು ಸಾಕು ಎಂದು ಕೇಳಿದ್ದೀರಿ. ಒಂದು ವಿಷಯಕ್ಕೆ ಐದಾರು ಸಾಲು, ಒಂದೊಂದು ಸಾಲಿನಲ್ಲಿ ನಾಲ್ಕೈದು ಕೇಸು, ನನ್ನ ಲೆಕ್ಕದಲ್ಲಿ ಇದಕ್ಕಿಂತ ಹೆಚ್ಚು ಬೇಕಿಲ್ಲ. ಕಪಾಟಿನ ಕಾರ್ಡುಗಳನ್ನು ಕಿತ್ತು ನೆಲದ ಮೇಲೆ ಹರಡಿ, ಸಾಲು ಮಾಡಿ. ಯಾವ ಸಾಲಿಗೂ ಸೇರದ ಕಾರ್ಡು ಪಕ್ಕಕ್ಕಿರಲಿ. ಕಾರ್ಡಿನ ಹಿಂಭಾಗದಲ್ಲಿ ಕಥೆ ಅಳಿಸಿ ಮೂರು ಉತ್ತರ ಬರೆಯಿರಿ: ಪ್ರಶ್ನೆ ಏನಿತ್ತು, ಏನೆಂದರು, ಈಗ ಅದು ನಿಂತಿದೆಯೇ. ಏಳೆಂಟು ತೀರ್ಪನ್ನಾದರೂ ಮೂಲದಲ್ಲೇ ಓದಿ, ಗೈಡಿನ ಸಾರಾಂಶದಲ್ಲಿ ಬೇಡ. ನೂರು ಪೌಂಡ್ ಬಹುಮಾನದ ಜಾಹೀರಾತಿನ ಕಾರ್ಲಿಲ್‌ನಲ್ಲಿ ಬೊವೆನ್ ಅವರ ತೀರ್ಪು ಚಿಕ್ಕದು, ಓದಲು ಸೊಗಸು. ರಾಬಿನ್‌ಸನ್‌ನಲ್ಲಿ ಲಾರ್ಡ್ ರೀಡ್ ಇಡೀ ಟಾರ್ಟ್‌ನ ನಕ್ಷೆಯನ್ನೇ ಬಿಡಿಸಿದ್ದಾರೆ. ಬೈಲಿ ಜಾಲತಾಣದಲ್ಲಿ, ಬ್ರಿಟನ್ನಿನ ರಾಷ್ಟ್ರೀಯ ಪತ್ರಾಗಾರ 2022ರಲ್ಲಿ ಶುರು ಮಾಡಿದ ತೀರ್ಪುಗಳ ತಾಣದಲ್ಲಿ ದುಡ್ಡಿಲ್ಲದೆ ಸಿಗುತ್ತವೆ. ಸುಪ್ರೀಂ ಕೋರ್ಟ್ ತನ್ನ ತೀರ್ಪಿನ ಜತೆ ಎರಡು ಮೂರು ಪುಟದ ಸಾರಾಂಶವನ್ನೂ ಹಾಕುತ್ತದೆ. ಹೊಸ ಕೇಸುಗಳಿಗೆ ಅದು ಸಾಕು.

ನಿಮ್ಮ ಮನೆಯವರ ಮಾತಿನಲ್ಲಿ ಪೂರ್ತಿ ಸುಳ್ಳಿಲ್ಲ. ಸಾಲಿಸಿಟರ್ ಆಗಲು 2021ರಿಂದ ಬಂದಿರುವ ಅರ್ಹತಾ ಪರೀಕ್ಷೆಯ ಮೊದಲ ಹಂತ ಬಹುಆಯ್ಕೆಯದು, 360 ಪ್ರಶ್ನೆ, ಅಲ್ಲಿ ಕೇಸಿನ ಹೆಸರುಗಳು ಸಾಮಾನ್ಯವಾಗಿ ಬೇಕಾಗುವುದಿಲ್ಲ, ನಿಯಮ ಗೊತ್ತಿದ್ದರೆ ಸಾಕು. ನಿಮ್ಮ ಗುರಿ ಅದೇ ಆಗಿದ್ದರೆ ಹೆಸರಿನ ಚಿಂತೆ ಈ ಮೇ ತಿಂಗಳಿಗೆ ಮುಗಿಯುತ್ತದೆ. ಬ್ಯಾರಿಸ್ಟರ್ ಆಗಿ ವಾದ ಮಾಡುವ ಆಸೆಯಿದ್ದರೆ ಮಾತು ಬೇರೆ. ಎಲ್ಲಿಗೆ ಹೋಗಬೇಕೆಂದು ಮನೆಯವರ ಜತೆ ಕೂತು ಈಗಲೇ ಮಾತಾಡಿ. ಪರೀಕ್ಷೆಯ ಕೋಣೆಯಲ್ಲಿ ಹೆಸರು ಮರೆತರೆ ಕೈ ಕಟ್ಟಿ ಕೂರಬೇಡಿ. 'ಓಡಿಹೋದ ನಾವಿಕರ ಪ್ರಕರಣ' ಎಂದು ಬರೆದು ನಿಯಮವನ್ನು ಸರಿಯಾಗಿ ಹೇಳಿ ಮುಂದುವರಿಯಿರಿ. ತಪ್ಪು ಹೆಸರಿಗಿಂತ ಅದು ಎಷ್ಟೋ ವಾಸಿ.

ಹುಡುಗರು ನಗುತ್ತಾರೆ ಎಂದಿರಲ್ಲ, ಏಕೆಂಬುದೂ ನನಗೆ ಗೊತ್ತು. ನಾವು 'ಡೊನೊಹ್ಯೂ ವರ್ಸಸ್ ಸ್ಟೀವನ್‌ಸನ್' ಎನ್ನುತ್ತೇವೆ, ನಮ್ಮ ಕೋರ್ಟುಗಳಲ್ಲಿ ಅದೇ ರೂಢಿ. ಅಲ್ಲಿ ಸಿವಿಲ್ ಪ್ರಕರಣವಾದರೆ ನಡುವಿನ ಅಕ್ಷರವನ್ನು 'ಆ್ಯಂಡ್' ಎಂದು ಓದಬೇಕು, ಕ್ರಿಮಿನಲ್ ಆದರೆ 'ಅಗೇನ್‌ಸ್ಟ್'. ಬರೆಯುವಾಗ ಮಾತ್ರ ಆ ಒಂಟಿ ಅಕ್ಷರ. ಕ್ರಿಮಿನಲ್ ಕೇಸಿನ ಮೊದಲಲ್ಲಿ ಬರುವ 'ಆರ್' ಅನ್ನು ಆರ್ ಎಂದೇ ಓದಿಬಿಡಬೇಡಿ, 'ದ ಕ್ರೌನ್' ಅಥವಾ 'ದ ಕಿಂಗ್' ಎನ್ನಿ. ಹಳೆಯ ಕೇಸಾದರೆ ಆಗ ಪಟ್ಟದಲ್ಲಿದ್ದದ್ದು ರಾಣಿಯೋ ರಾಜನೋ ನೋಡಿಕೊಳ್ಳಿ. ಡಡ್ಲಿಯ ಕಾಲಕ್ಕೆ ವಿಕ್ಟೋರಿಯಾ, ಆದ್ದರಿಂದ 'ದ ಕ್ವೀನ್ ಅಗೇನ್‌ಸ್ಟ್ ಡಡ್ಲಿ ಆ್ಯಂಡ್ ಸ್ಟೀಫನ್ಸ್'. ಅಣಕು ನ್ಯಾಯಾಲಯಕ್ಕೆ ಹೋಗುವ ಮುಂಚೆ ನಿಮ್ಮ ವಾದದಲ್ಲಿರುವ ಪ್ರತಿ ಕೇಸಿನ ಹೆಸರನ್ನೂ ಹೀಗೆ ಗಟ್ಟಿಯಾಗಿ ನಾಲ್ಕಾರು ಸಲ ಹೇಳಿಕೊಳ್ಳಿ, ಮಗಳು ಎದುರಿಗೆ ಕೂತು ತಿದ್ದಲಿ.